ಎರಡನೆಯ ಸಾಲಿನ ರಬ್ಬರ್ ಗಿಡ

ಧಾರವಾಡದ ನಮ್ಮ ಸಂಶೋಧನಾ ತೋಟದಲ್ಲಿ ಉಳಿದಿದ್ದ ರಬ್ಬರ್ ಗಿಡಗಳನ್ನು ಕಟ್ಟಡಕ್ಕಾಗಿ ಕಡಿಯುವುದಕ್ಕೆ ಎರಡು ದಿನ ಬಾಕಿ ಇತ್ತು. ಬೇರೆ ಬೇರೆ ಕಾಡುತಳಿಗಳಲ್ಲಿ ಯಾವುದು ಬಯಲುಸೀಮೆಯ ಬಿಸಿಲು ತಾಳುತ್ತದೆಂದು ನೋಡಲು, ವಿದ್ಯಾರ್ಥಿಯಾಗಿದ್ದಾಗ ನಾನೇ ನೆಡಿಸಿದ್ದವು. ಹೆಚ್ಚಿನವು ಸತ್ತಿದ್ದವು. ಎರಡನೆಯ ಸಾಲಿನ ಒಂದು ಗಿಡ ಮಾತ್ರ ಕಡುಬೇಸಿಗೆಯಲ್ಲೂ ಹಸಿರಾಗಿತ್ತು. ಅದರ ಕಸಿಕಡ್ಡಿಗಳನ್ನು ಕೇರಳದ ತಳಿಸಂಗ್ರಹಕ್ಕೆ ಕಳಿಸಿದರೆ ಗಿಡ ಉಳಿಯುತ್ತಿತ್ತು. ಆದರೆ ತಳಿಯ ನಂಬರ್ ಇಲ್ಲದೆ ಅಲ್ಲಿ ತೆಗೆದುಕೊಳ್ಳುವುದಿಲ್ಲ. ನಂಬರ್ ಕೊರೆದ ತಗಡಿನ ಪಟ್ಟಿಗಳು ಎಂದೋ ಕಳೆದುಹೋಗಿದ್ದವು. ನನ್ನ ಹಳೆಯ ನಕ್ಷೆಯ ಪ್ರಕಾರ ಅದು ಹದಿಮೂರು.

ಖಾತ್ರಿ ಮಾಡಿಕೊಳ್ಳಲು ಶಿರಗುಪ್ಪಿಗೆ ಹೋದೆ. ಅಂದು ಸಸಿ ನೆಟ್ಟವರಲ್ಲಿ ಅಲ್ಲಿಯ ಮುದುಕರೊಬ್ಬರು ಇನ್ನೂ ಇದ್ದರು. ನಂಬರಿನ ಕ್ರಮದಲ್ಲಿ ನೆಡುವಾಗ ಪ್ರತಿ ಸಾಲನ್ನೂ ಪಶ್ಚಿಮದ ತುದಿಯಿಂದಲೇ ಶುರು ಮಾಡಿದ್ದೆವಲ್ಲವೇ ಎಂದು ಕೇಳಿದೆ.

“ಸಾಲು ಮುಗದ ಮ್ಯಾಲ ಬರಿಗೈಲೆ ವಾಪಸ್ ಬರತಾರೇನ್ರಿ ಸಾಹೇಬ್ರ? ಕೂರಿಗಿ ತಿರುಗಿಸಿದಂಗ ತಿರುಗಿ, ಅಲ್ಲಿಂದನ ಸಸಿ ಹಚಗೊಂತ ಬಂದ್ವಿ.”

ಬಿತ್ತನೆಯ ಅಭ್ಯಾಸ. ಹಾಗಾದರೆ ಎರಡನೆಯ ಸಾಲು ನನ್ನ ನಕ್ಷೆಗೆ ತಿರುವುಮುರುವು; ಸಾಲಿಗೆ ಹತ್ತರಂತೆ ಎಣಿಸಿದರೆ ಆ ಗಿಡ ಹದಿನೆಂಟು. ನಾನು ಅಲ್ಲೇ ನಿಂತಿದ್ದೆನಲ್ಲ ಎಂದೆ.

“ನಿಂತಿದ್ರಿ, ಖರೇ. ಬೇವಿನ ಗಿಡದ ನೆಳ್ಳಾಗ ಬರಕೊಂತ ನಿಂತಿದ್ರಿ. ನಮ್ಮ ಕಡೆ ಎಲ್ಲಿ ನೋಡಿದ್ರಿ?”

ಒಳಗಿನಿಂದ ಅವರ ಹೆಂಡತಿಯ ದನಿ ಬಂತು. “ನಿನ್ನಿ ಚಪ್ಪಲಿ ಎಲ್ಲಿ ಬಿಟ್ಟಾರಂತ ನೆನಪಿಲ್ಲ. ಇವರನ್ನ ಕೇಳಾಕ ಬಂದೀರಲ್ರಿ.”

ಪ್ರತಿ ಸಾಲಿನ ತಲೆಗೆ ನಿಂತು ನಂಬರ್ ಕೂಗಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಆದರೆ ಆ ನೆನಪಿನಲ್ಲಿ ಕೊಡೆ ಹಿಡಿದ ನಾನೇ ನನಗೆ ಕಾಣುತ್ತೇನೆ. ನನ್ನ ಬೆನ್ನನ್ನು ನಾನು ನೋಡಿದ್ದು ಹೇಗೆ? ಅದನ್ನು ಆಮೇಲೆ ಕಟ್ಟಿಕೊಂಡಿರಬೇಕು.

ಎರಡೂ ನಂಬರ್ ಬರೆದು ಕಳಿಸಲೇ ಎಂದು ಕೇರಳದವರನ್ನು ಫೋನಿನಲ್ಲಿ ಕೇಳಿದೆ. ಒಂದೇ ಬೇಕೆಂದರು. ತಪ್ಪು ನಂಬರ್ ಕೊಟ್ಟರೆ ಮುಂದೆ ತಳಿ ಬೆಳೆಸುವವರೆಲ್ಲ ನನ್ನ ಸುಳ್ಳಿನ ಮೇಲೆ ಕೆಲಸ ಮಾಡುತ್ತಾರೆ. ಕೊಡದಿದ್ದರೆ ಬೆಳೆಸಲು ಏನೂ ಇರುವುದಿಲ್ಲ.

ಕಡ್ಡಿಗಳ ತುದಿಗೆ ಮೇಣ ಹಚ್ಚಿ, ಒದ್ದೆ ಗೋಣಿಯಲ್ಲಿ ಸುತ್ತಿ ಗೋಪನಕೊಪ್ಪದ ಮನೆಗೆ ತಂದೆ. ಗಿಡಗಳನ್ನು ಕಡಿದರು. ಇಲ್ಲಿ ಕಸಿ ಕಟ್ಟಲು ಎಲ್ಲಿಯೂ ರಬ್ಬರ್ ಸಸಿಯಿಲ್ಲ. ದಿನಾ ಬೆಳಿಗ್ಗೆ ಉಗುರಿನಿಂದ ತೊಗಟೆ ಕೆರೆದು ನೋಡುತ್ತಿದ್ದೆ. ಮೂರನೆಯ ದಿನ ಎರಡು ಕಡ್ಡಿಗಳ ಒಳಗು ಹಸಿರು ಹೋಗಿ ಕಂದುಬಣ್ಣವಾಗಿತ್ತು. ಗೋಣಿಗೆ ಮತ್ತೆ ನೀರು ಚಿಮುಕಿಸಿ ಫೋನ್ ಮಾಡಿದೆ.

ಹದಿಮೂರು ಎಂದೆ. ಯಾರಾದರೂ ಕೇಳಿದರೆ ತೋರಿಸಲು ಅದಕ್ಕೊಂದು ಕಾಗದವಾದರೂ ಇತ್ತು. ಅವರು ಬರೆದುಕೊಂಡರು.