ನೀರಿನಲ್ಲಿ ಲೆಕ್ಕ ಕಲಿಸಿದ ಉಸ್ತಾದರು

ಅವರ ಹತ್ತೂ ಬೆರಳುಗಳ ತುದಿಗಳು ಯಾವಾಗಲೂ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಬಟ್ಟೆ ಒಗೆದು ಎದ್ದವರ ಬೆರಳು ಹೇಗಿರುತ್ತದೋ ಹಾಗೆ. ಬೇಸಿಗೆಯಲ್ಲಿ ಕೊಳ ಖಾಲಿ ಮಾಡಿ ತೊಳೆಯುವ ವಾರದಲ್ಲೂ ಆ ಸುಕ್ಕು ಹೋಗುತ್ತಿರಲಿಲ್ಲ. ಮೈಯಿಂದ ಬ್ಲೀಚಿಂಗ್ ಪೌಡರಿನ ವಾಸನೆ, ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸೀಟಿ, ಮೊಣಕಾಲಿನವರೆಗೆ ಮಡಚಿದ ಪೈಜಾಮ. ಎಡಗಿವಿಯಲ್ಲಿ ಒಂದು ಹತ್ತಿಯ ಉಂಡೆ. ಆ ಕಿವಿ ಚಿಕ್ಕಂದಿನಲ್ಲೇ ಬಾವಿಗೆ ಧುಮುಕಿ ಧುಮುಕಿ ಕೆಟ್ಟಿತ್ತಂತೆ. ಹಾಗಾಗಿ ಏನಾದರೂ ಹೇಳಬೇಕೆಂದರೆ ನಾವು ಅವರ ಬಲಕ್ಕೆ ಹೋಗಿ ನಿಲ್ಲುತ್ತಿದ್ದೆವು. ಮಕ್ಕಳಿಗೂ ಇದು ಗೊತ್ತಿತ್ತು. ಅವರಿಗೆ ಕೇಳಿಸಬಾರದ ಮಾತುಗಳನ್ನೆಲ್ಲ ಎಡಗಡೆ ನಿಂತು ಆಡುತ್ತಿದ್ದರು.

ಬೀದರಿನ ಅಂಚಿನ ನೌಬಾದದ ಆಚೆ, ಖಾಸಗಿಯವರೊಬ್ಬರು ಕಟ್ಟಿಸಿದ ಈಜುಕೊಳಕ್ಕೆ ಅವರು ಕಾವಲುಗಾರ, ಸ್ವಚ್ಛ ಮಾಡುವವರು, ಈಜು ಕಲಿಸುವವರು ಎಲ್ಲವೂ ಆಗಿದ್ದರು. ಊರಿನವರೆಲ್ಲ ಉಸ್ತಾದ್ ಅನ್ನುತ್ತಿದ್ದರು. ಹರೆಯದಲ್ಲಿ ಬೀದರಿನ ಹಳೆಯ ಬಾವಿಗಳಲ್ಲಿ ಹುಡುಗರ ಬೆನ್ನಿಗೆ ತಗಡಿನ ಡಬ್ಬಿ ಕಟ್ಟಿ ಈಜು ಕಲಿಸಿದವರು. ಬಾವಿಗಳು ಒಂದೊಂದಾಗಿ ಹೂಳು ತುಂಬಿ ಮುಚ್ಚಿಹೋದ ಮೇಲೆ ಈ ನೀಲಿ ಫರಸಿಯ ಕೊಳಕ್ಕೆ ಬಂದು ಸೇರಿದ್ದರು.

ನಾನು ಆಗ ಹೊಸ ಟೀಚರು. ಭಾಲ್ಕಿಯ ನಮ್ಮ ಮನೆಯಿಂದ ದಿನಾ ಬೆಳಿಗ್ಗೆ ರೈಲು ಹಿಡಿದು ಬೀದರಿಗೆ ಬರುತ್ತಿದ್ದೆ. ಮೂರನೇ ತರಗತಿ ನನ್ನದು, ಇಪ್ಪತ್ತೇಳು ಮಕ್ಕಳು. ಶಾಲೆಯ ಹತ್ತಿರ ಕೆಂಪುಕಲ್ಲು ಕಡಿದು ಬಿಟ್ಟ ಹೊಂಡಗಳಿದ್ದವು. ಮಳೆಗಾಲದಲ್ಲಿ ಅವು ತುಂಬಿದಾಗ ಮಕ್ಕಳು ಕದ್ದು ಅಲ್ಲಿಗೆ ಹೋಗುತ್ತಿದ್ದರು. ಅದಕ್ಕೆ ಹೆದರಿದ ನಮ್ಮ ಹೆಡ್‌ಮಾಸ್ತರರು ಕೊಳದ ಮಾಲೀಕರನ್ನು ಕೇಳಿಕೊಂಡು, ಗುರುವಾರ ಬೆಳಿಗ್ಗೆ ಒಂದು ತಾಸು ನನ್ನ ತರಗತಿಗೆ ಈಜು ಕಲಿಸುವ ಏರ್ಪಾಡು ಮಾಡಿದರು. ನನಗೆ ಇದು ಬೇಡವಾಗಿತ್ತು. ಭಾಗಾಕಾರ ಇನ್ನೂ ಅರ್ಧಕ್ಕೆ ನಿಂತಿದೆ, ಇವರು ನೀರಾಟಕ್ಕೆ ಕಳಿಸುತ್ತಾರಲ್ಲ ಎಂದು ಒಳಗೊಳಗೆ ಸಿಟ್ಟು ಮಾಡಿಕೊಂಡೇ ಹೋದೆ.

ಮೊದಲ ಎರಡು ವಾರ ಉಸ್ತಾದರು ಯಾರಿಗೂ ಈಜು ಕಲಿಸಲೇ ಇಲ್ಲ. ಸೊಂಟದ ಮಟ್ಟದ ನೀರಿನಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮುಖ ಮುಳುಗಿಸಿ ಗುಳುಗುಳು ಗುಳ್ಳೆ ಬಿಡಿಸಿದರು, ಅಷ್ಟೇ. ಹೀಗಾದರೆ ಕೈಕಾಲು ಬಡಿಯುವುದು ಯಾವಾಗ ಎಂದು ಕೇಳಿದೆ.

"ನೀರಿನಾಗ ಪೈಲಾ ಉಸಿರು ಬಿಡೋದು ಕಲೀಬೇಕ್ರಿ ಟೀಚರಮ್ಮ," ಅಂದರು. "ಬಿಡೋದು ಬಂದ್ರ ತಗೊಳ್ಳೋದು ತಾನೇ ಬರ್ತದ. ಹೆದರಿದವರು ನೋಡ್ರಿ, ಬರೇ ತಗೋತಾರ, ತಗೋತಾರ, ಬಿಡಂಗೇ ಇಲ್ಲ."

ಆ ಮಾತು ನನ್ನ ಜತೆ ರೈಲಿನಲ್ಲಿ ಭಾಲ್ಕಿಯವರೆಗೂ ಬಂತು. ನಾನು ತರಗತಿಯಲ್ಲಿ ಮಾಡುತ್ತಿದ್ದದ್ದು ಬರೀ ತುಂಬುವ ಕೆಲಸ. ಮಕ್ಕಳು ಬಾಯಿ ಬಿಟ್ಟು ಆಡಿದ್ದನ್ನು ಕೂತು ಕೇಳಿದ್ದು ಕಡಿಮೆ. ಮರುವಾರದಿಂದ ದಿನದ ಮೊದಲ ಹತ್ತು ನಿಮಿಷ ಪುಸ್ತಕ ತೆರೆಯಿಸದೆ ಅವರಿಗೇ ಮಾತಾಡಲು ಬಿಟ್ಟೆ. ಇಪ್ಪತ್ತಾರು ಮಕ್ಕಳು ಮಾತಾಡಿದರು. ವೈಶಾಲಿ ಮಾತಾಡಲಿಲ್ಲ.

ವೈಶಾಲಿಯ ಮನೆಯವರು ಕಮಲನಗರದ ಕಡೆಯವರು. ಮನೆಯಲ್ಲಿ ಮರಾಠಿ. ಅವಳ ಅಪ್ಪ ಬೀದರಿನ ಪಕ್ಕದ ಕೊಳಾರದ ಗೋದಾಮೊಂದರಲ್ಲಿ ಹಮಾಲಿ ಮಾಡುತ್ತಿದ್ದರು. ಬಂದು ಒಂದು ವರ್ಷವಾದರೂ ಹುಡುಗಿ ತರಗತಿಯಲ್ಲಿ ತುಟಿ ಎರಡು ಮಾಡಿದವಳಲ್ಲ. ಪ್ರಶ್ನೆ ಕೇಳಿದರೆ ಎದ್ದು ನಿಂತು ಫ್ರಾಕಿನ ಅಂಚು ತಿರುವುತ್ತಿದ್ದಳು. ಲೆಕ್ಕದ ನೋಟುಪುಸ್ತಕ ಖಾಲಿ. ಕಲಿಕೆಯಲ್ಲಿ ಬಹಳ ಹಿಂದೆ ಎಂದು ನಾನು ಅವಳ ಹೆಸರಿನ ಮುಂದೆ ಬರೆದೂ ಆಗಿತ್ತು.

ಉಸ್ತಾದರ ಆಟಗಳಲ್ಲಿ ಮಕ್ಕಳಿಗೆ ತುಂಬ ಇಷ್ಟವಾದದ್ದು ಗುಂಪಿನ ಆಟ. ಸೀಟಿ ಊದಿ ಒಂದು ಅಂಕೆ ಕೂಗುತ್ತಿದ್ದರು. ಒಮ್ಮೆ ಕನ್ನಡದಲ್ಲಿ, ಒಮ್ಮೆ ದಖ್ಖನಿ ಉರ್ದುವಿನಲ್ಲಿ, ಒಮ್ಮೆ ಮರಾಠಿಯಲ್ಲಿ. ಐದು ಎಂದರೆ ಮಕ್ಕಳು ನೀರಿನಲ್ಲೇ ತಳ್ಳಾಡುತ್ತ ಐದೈದು ಜನ ಕೈ ಹಿಡಿದು ನಿಲ್ಲಬೇಕು. ಗುಂಪು ಸಿಗದೆ ಉಳಿದವರು ಸೋತವರಲ್ಲ. ಅವರು ಉಸ್ತಾದರ ಪಕ್ಕ ಬಂದು ಮುಳುಗಿ ಗುಳ್ಳೆ ಬಿಡಬೇಕು, ಆಮೇಲೆ ಅವರ ಸೀಟಿ ಊದಬಹುದು. ಹಾಗಾಗಿ ಉಳಿಯುವುದಕ್ಕೇ ಪೈಪೋಟಿ.

ಒಂದು ಗುರುವಾರ ಆಟ ಮುಗಿದ ಮೇಲೆ ಉಸ್ತಾದರು ವೈಶಾಲಿಯ ಕಡೆ ಗದ್ದ ಎತ್ತಿ ತೋರಿಸಿ, ಈ ಹುಡುಗಿ ಲೆಕ್ಕದಲ್ಲಿ ಎಲ್ಲರಿಗಿಂತ ಹುಷಾರು ಅಂದರು. ನಾನು ನಕ್ಕುಬಿಟ್ಟೆ. ಅವಳಿಗೆ ಕೂಡಿಸುವುದೂ ಬರುವುದಿಲ್ಲ ಎಂದೆ. ಅವರು ವಾದ ಮಾಡಲಿಲ್ಲ. ಮುಂದಿನ ವಾರ ಬೇರೆ ಯಾರನ್ನೂ ನೋಡದೆ ಅವಳೊಬ್ಬಳನ್ನೇ ನೋಡುತ್ತ ನಿಲ್ಲಿ ಎಂದರು.

ನಿಂತು ನೋಡಿದೆ. ಉಸ್ತಾದರು ಮೂರು ಎಂದು ಕೂಗಿದಾಗ ವೈಶಾಲಿ ಓಡಿಹೋಗಿ ಗುಂಪು ಸೇರಿದಳು. ಐದು ಎಂದಾಗ ಅಲ್ಲಾಡದೆ ನಿಂತಳು. ಗುಂಪುಗಳೆಲ್ಲ ಆಗಿ ಇಬ್ಬರು ಉಳಿದರು, ಅದರಲ್ಲಿ ಅವಳೊಬ್ಬಳು. ಒಂಬತ್ತಕ್ಕೆ ಮತ್ತೆ ಓಡಿದಳು. ನಾಲ್ಕಕ್ಕೆ ಮತ್ತೆ ನಿಂತಳು. ಇಪ್ಪತ್ತೇಳು ಮಕ್ಕಳಲ್ಲಿ ಯಾವ ಅಂಕೆಗೆ ಜನ ಉಳಿಯುತ್ತಾರೆ, ಯಾವುದಕ್ಕೆ ಉಳಿಯುವುದಿಲ್ಲ ಎಂದು ಅವಳಿಗೆ ಮೊದಲೇ ಗೊತ್ತಾಗುತ್ತಿತ್ತು. ಇದು ಬಾಯಿಪಾಠವಿರಬೇಕು ಎಂಬ ಅನುಮಾನವೂ ಅದರ ಮುಂದಿನ ವಾರ ಹೋಯಿತು. ಅಂದು ಇಬ್ಬರು ಗೈರುಹಾಜರು, ನೀರಿನಲ್ಲಿ ಇಪ್ಪತ್ತೈದೇ ಮಕ್ಕಳು. ಐದು ಎಂದಾಗ ಅವಳು ಓಡಿದಳು, ಮೂರು ಎಂದಾಗ ನಿಂತಳು. ನಾನು ಎರಡು ತಿಂಗಳಿಂದ ಬೋರ್ಡಿನ ಮೇಲೆ ಹೇಳಿಕೊಡುತ್ತಿದ್ದ ಭಾಗಾಕಾರದ ಶೇಷ ಅದೇ.

ಉಸ್ತಾದರು ನನ್ನ ಮುಖ ನೋಡಿ, ಮುಂದಿನ ಅಂಕೆ ಕೂಗಿದರು. ಅವರು ಏನಾದರೂ ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಅಂದಿನಿಂದ ಗುರುವಾರ ನನ್ನದೂ ಆಯಿತು. ಚಪ್ಪಟೆ ಕೆಂಪುಕಲ್ಲುಗಳನ್ನು ಆರಿಸಿ ತಂದು ಬಿಳಿ ಪೇಂಟಿನಲ್ಲಿ ಅಂಕೆ ಬರೆದೆ. ಉಸ್ತಾದರು ಅವನ್ನು ತಳದಲ್ಲಿ ಹರಡುವರು, ನಾನು ಲೆಕ್ಕ ಹೇಳುವೆ, ಒಂದು ಮಗು ಮುಳುಗಿ ಉತ್ತರದ ಕಲ್ಲು ತರಬೇಕು. ಒಂದು ಸಲಕ್ಕೆ ಒಂದೇ ಮಗು. ಉಳಿದವರು ದಂಡೆ ಹಿಡಿದು ನಿಲ್ಲಬೇಕು. ಕೊಳದ ನಡುವೆ ಬೆಂಡು ಪೋಣಿಸಿದ ಹಗ್ಗ ಕಟ್ಟಿದ್ದರು, ಅದರಾಚೆ ಆಳ. ಆ ಕಡೆ ಯಾರೂ ಹೋಗುವಂತಿಲ್ಲ. ಈ ವಿಷಯಗಳಲ್ಲಿ ಉಸ್ತಾದರು ಯಾರ ಮಾತೂ ಕೇಳುತ್ತಿರಲಿಲ್ಲ.

ಮಕ್ಕಳ ಲೆಕ್ಕ ಸುಧಾರಿಸಿದ ಸುದ್ದಿ ಇಲಾಖೆಯ ಕಚೇರಿಗೂ ಮುಟ್ಟಿತು. ಅಧಿಕಾರಿಯೊಬ್ಬರು ಬರುವ ವಾರ ನೋಡಲು ಬರುತ್ತಾರೆಂದು ಹೆಡ್‌ಮಾಸ್ತರರು ಹೇಳಿದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಬ್ಬೊಬ್ಬರೇ ಮುಳುಗುವುದು ನೋಡಲು ಚೆಂದವಿರುವುದಿಲ್ಲ, ಎರಡು ತಂಡ ಮಾಡಿ ಸ್ಪರ್ಧೆ ಇಡೋಣ ಎಂದೆ. ಉಸ್ತಾದರು ಬೇಡ ಅಂದರು. ನೀರಿನಲ್ಲಿ ಮಕ್ಕಳಿಗೆ ಅವಸರ ಕಲಿಸಬಾರದು ಎಂದರು. ನಾನು ಬಿಡಲಿಲ್ಲ. ಕೊನೆಗೆ ಅವರು, ನಾನು ನೀರಿನಲ್ಲೇ ಇರುತ್ತೇನೆ, ಒಮ್ಮೆ ಮಾಡಿ ನೋಡೋಣ ಎಂದು ಒಪ್ಪಿದರು.

ಅಧಿಕಾರಿ ಬರುವುದಕ್ಕೆ ಒಂದು ವಾರ ಮೊದಲಿನ ಆ ಗುರುವಾರ, ತಾಲೀಮಿಗೆಂದು ಮಕ್ಕಳು ನೀರಿಗಿಳಿದು ನಿಂತಿದ್ದರು. ಅಷ್ಟರಲ್ಲಿ ಹಿಂದಿನ ಕೋಣೆಯಲ್ಲಿ ಮೋಟಾರಿನ ಸದ್ದು ಕೆಟ್ಟಿತು. ಎರಡು ನಿಮಿಷ, ಬಂದ್ ಮಾಡಿ ಬರುತ್ತೇನೆ, ಅಲ್ಲಿಯವರೆಗೆ ಶುರು ಮಾಡಬೇಡಿ ಎಂದು ಹೇಳಿ ಉಸ್ತಾದರು ಸೀಟಿಯನ್ನು ಕುರ್ಚಿಯ ಮೇಲಿಟ್ಟು ಹೋದರು. ಎರಡು ನಿಮಿಷ ನಾಲ್ಕಾಯಿತು. ಶಾಲೆಗೆ ಮರಳುವ ಹೊತ್ತು ಹತ್ತಿರವಾಗುತ್ತಿತ್ತು. ಮಕ್ಕಳು ಶುರು ಮಾಡಿ ಎಂದು ಕೂಗುತ್ತಿದ್ದರು. ನಾನು ಸೀಟಿ ತೆಗೆದುಕೊಂಡು ಊದಿದೆ.

ನೀರೆಲ್ಲ ಕದಡಿತು. ಎರಡೂ ತಂಡದವರು ಒಟ್ಟಿಗೆ ಮುಳುಗಿ ಏಳುತ್ತಿದ್ದರು, ಯಾರ ಕಾಲು ಯಾರ ತಲೆ ತಿಳಿಯುತ್ತಿರಲಿಲ್ಲ. ಒಂಬತ್ತೆರಡಲೆ ಎಂದು ಕೂಗಿದೆ. ಯಾರದೋ ಕಾಲು ತಾಗಿ ಹದಿನೆಂಟರ ಕಲ್ಲು ಇಳಿಜಾರಿನಲ್ಲಿ ಜಾರಿ ಹಗ್ಗದಾಚೆ ಹೋಗಿತ್ತು. ನಾನು ಅದನ್ನು ನೋಡಿರಲಿಲ್ಲ. ವೈಶಾಲಿ ನೋಡಿದ್ದಳು. ಮಕ್ಕಳು ಅವಳ ಹೆಸರು ಹಿಡಿದು ಕಿರುಚಿದಾಗ ನನಗೆ ಕಂಡದ್ದು ಹಗ್ಗದಾಚೆ ನೀರಿನ ಮೇಲೆ ಒಂದು ಪುಟ್ಟ ಕೈ, ಆಮೇಲೆ ಅದೂ ಇಲ್ಲ.

ನನಗೆ ಈಜು ಬರುತ್ತಿರಲಿಲ್ಲ. ದಂಡೆಯ ಮೇಲೆ ಕಲ್ಲಿನ ಹಾಗೆ ನಿಂತುಬಿಟ್ಟೆ. ಉಸ್ತಾದರು ಯಾವಾಗ ಬಂದರೋ, ಅಂಗಿ ಸಮೇತ ಹಾರಿದ್ದಷ್ಟೇ ಗೊತ್ತು. ಮೇಲೆತ್ತಿ ತಂದು ಬೋರಲು ಮಲಗಿಸಿ ಬೆನ್ನು ತಟ್ಟಿದರು. ಅವಳು ನೀರು ಕಕ್ಕಿ, ಕೆಮ್ಮಿ, ಅತ್ತಳು. ಆ ಅಳು ಕೇಳಿದ ಮೇಲೆ ನನಗೆ ಉಸಿರು ಬಂತು.

ನಮ್ಮ ಜತೆ ಬಂದಿದ್ದ ಶಾಲೆಯ ಆಯಾ ತಕ್ಷಣ ಆಟೋ ತರಲು ಓಡಿದಳು. ಆಟೋ ಬರುವವರೆಗೆ ಉಸ್ತಾದರು ಮಾಡಿದ್ದನ್ನು ನಾನು ಮರೆತಿಲ್ಲ. ಹುಡುಗಿಗೆ ಟವೆಲ್ ಸುತ್ತಿ, ಕೊಳದ ಮೊದಲ ಮೆಟ್ಟಿಲ ಮೇಲೆ ಕಾಲಷ್ಟೇ ನೀರಿಗೆ ತಾಗುವಂತೆ ತಮ್ಮ ಪಕ್ಕ ಕೂರಿಸಿಕೊಂಡರು. ಅವಳನ್ನು ಒಳಗೆ ಕರೆದೊಯ್ಯೋಣ ಎಂದೆ.

"ಹೆದರಿಕಿ ಮನಿತನಕ ಹೋಗಬಾರದ್ರಿ," ಅಂದರು. "ಇಲ್ಲೇ ಬಿಟ್ಟು ಹೋಗ್ಲಿ."

ಮರಾಠಿಯಲ್ಲಿ ಏನೋ ಕತೆ ಹೇಳುತ್ತ ಇದ್ದರು. ಅವಳು ಮೆಲ್ಲಗೆ ಕಾಲಾಡಿಸತೊಡಗಿದ ಮೇಲೆಯೇ ಎಬ್ಬಿಸಿದರು. ಡಾಕ್ಟರು ನೋಡಿ, ಏನೂ ತೊಂದರೆ ಇಲ್ಲ ಎಂದು ಸಂಜೆಗೆ ಮನೆಗೆ ಕಳಿಸಿದರು.

ಮರುದಿನ ಬೆಳಿಗ್ಗೆ ವೈಶಾಲಿಯ ಅಪ್ಪ ಶಾಲೆಗೆ ಬಂದರು. ಕೆಲಸಕ್ಕೆ ರಜೆ ಹಾಕಿ ಬಂದಿದ್ದರು. ಹೆಡ್‌ಮಾಸ್ತರರು ಉಸ್ತಾದರನ್ನೂ ಕರೆಸಿದರು. ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದರು ಎಂದು ಕೇಳಿದಾಗ ನಾನು ಬಾಯಿ ತೆರೆಯುವುದರೊಳಗೆ ಉಸ್ತಾದರು ಮುಂದೆ ಬಂದರು.

"ಗಲತಿ ನಂದು ಅದ ಸಾಹೇಬ್ರ. ಮೋಟಾರ್ ಬಂದ್ ಮಾಡ್ಲಿಕ್ಕ ಹೋಗಿದ್ದೆ. ಮಕ್ಕಳಿಗಿ ಬಿಟ್ಟು ಹೋಗಬಾರದಿತ್ತು."

ಅಷ್ಟೇ ಹೇಳಿದರು. ಸುಳ್ಳೇನೂ ಹೇಳಲಿಲ್ಲ. ಸೀಟಿ ಯಾರು ಊದಿದರು ಎಂಬ ಮಾತು ಅಲ್ಲಿ ಬರಲೇ ಇಲ್ಲ. ನಾನು ಹೇಳಬಹುದಿತ್ತು. ನೆಲ ನೋಡುತ್ತ ನಿಂತೆ. ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ, ನನಗೆ ಹೆದರಿಕೆಯಿತ್ತು. ವೈಶಾಲಿಯ ಅಪ್ಪ ಉಸ್ತಾದರಿಗೆ ಆಡಬಾರದ ಮಾತೆಲ್ಲ ಆಡಿದರು. ಅವರು ಬಲಗಿವಿ ಮುಂದೆ ಮಾಡಿ ಎಲ್ಲವನ್ನೂ ಕೇಳಿಸಿಕೊಂಡರು. ಗುರುವಾರದ ತರಗತಿ ನಿಂತಿತು, ಅಧಿಕಾರಿಯ ಭೇಟಿಯೂ ರದ್ದಾಯಿತು. ಮಕ್ಕಳ ಹತ್ತಿರ ಹೋಗಬೇಡ, ಕೊಳ ತೊಳೆಯುವುದಷ್ಟೇ ನಿನ್ನ ಕೆಲಸ ಎಂದು ಮಾಲೀಕರೂ ಅವರಿಗೆ ಹೇಳಿದರಂತೆ.

ಮಂಗಳವಾರ ತಡೆಯಲಾಗದೆ ಕೊಳಕ್ಕೆ ಹೋದೆ. ಅವರು ಉದ್ದ ಕೋಲಿನ ಬ್ರಶ್ಶಿನಿಂದ ಫರಸಿ ಉಜ್ಜುತ್ತಿದ್ದರು. ಬಲಕ್ಕೆ ಹೋಗಿ ನಿಂತು, ನಾನು ಹೋಗಿ ನಿಜ ಹೇಳಿಬಿಡುತ್ತೇನೆ ಎಂದೆ. ಬೇಡ ಅಂದರು.

"ನಂದು ಮುಗೀಲಿಕ್ಕ ಬಂದದ, ನಿಮ್ದು ಈಗ ಶುರು ಅದ. ಈಗ ನಿಮಗ ಹೆದರಿಸಿಬಿಟ್ರ ನೀವು ಮತ್ತ ಮಕ್ಕಳಿಗಿ ಸಾಲಿ ಹೊರಗ ಕರಕೊಂಡು ಹೋಗಂಗಿಲ್ಲ." ಸ್ವಲ್ಪ ಉಜ್ಜಿ, ಮತ್ತೆ ನಿಂತು, "ಒಂದು ಮಾತು ನೆನಪಿಡ್ರಿ. ಆಟದಾಗ ಸೋತವನೂ ನಗಬೇಕು. ನಗಲಿಲ್ಲಂದ್ರ ಅದು ಆಟ ಅಲ್ರಿ," ಎಂದರು.

ಅವರು ಬೈದದ್ದು ಅಂದರೆ ಇಷ್ಟೇ.

ಭಾನುವಾರ ಭಾಲ್ಕಿಯಿಂದ ಬಂದು ನೇರವಾಗಿ ವೈಶಾಲಿಯ ಮನೆಗೆ ಹೋದೆ. ಅವಳ ಅಪ್ಪ ಅವ್ವ ಇಬ್ಬರೂ ಇದ್ದರು. ಚಹಾ ಬರುವ ಮೊದಲೇ ಎಲ್ಲ ಹೇಳಿದೆ: ಉಸ್ತಾದರು ಬೇಡವೆಂದದ್ದು, ಅವರು ಬರುವವರೆಗೆ ಕಾಯಲು ಹೇಳಿದ್ದು, ಸೀಟಿ ನಾನೇ ಊದಿದ್ದು.

"ಹಂಗಾದ್ರ ಆ ಮುದುಕ ಯಾಕ ತನ್ನ ಮ್ಯಾಲ ಹಾಕ್ಕೊಂಡ್ರಿ?" ಎಂದು ಅವಳ ಅಪ್ಪ ಕೇಳಿದರು.

ಆಗ ಬಾಗಿಲ ಸಂದಿಯಿಂದ ವೈಶಾಲಿಯ ದನಿ ಬಂತು. ನಾನು ಅವಳ ಬಾಯಿಂದ ಕೇಳಿದ ಮೊದಲ ಕನ್ನಡ ಮಾತು ಅದು.

"ಟೀಚರ್‌ಗ ಬೈಬ್ಯಾಡ್ರಿ ಪಪ್ಪಾ. ಹದಿನೆಂಟು ಅಲ್ಲೇ ಇತ್ತು. ನಾನೇ ಹೋದೆ."

ಅವಳ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಪ್ಪ ಮಗಳನ್ನು ಹತ್ತಿರ ಎಳೆದುಕೊಂಡರು.

ಸೋಮವಾರ ಹೆಡ್‌ಮಾಸ್ತರರಿಗೂ ಹೇಳಿದೆ. ಅವರು ನನ್ನಿಂದ ಬರೆಸಿಕೊಂಡರು, ಬೈದರು, ನನ್ನನ್ನು ಕರೆದುಕೊಂಡು ಹೋಗಿ ಕೊಳದ ಮಾಲೀಕರಿಗೂ ವಿಷಯ ತಿಳಿಸಿದರು. ದೀಪಾವಳಿ ಕಳೆದ ಮೇಲೆ ಗುರುವಾರ ಮತ್ತೆ ಶುರುವಾಯಿತು. ಮೊದಲ ದಿನ ವೈಶಾಲಿಯ ಅಪ್ಪನೇ ಮಗಳನ್ನು ಕೊಳಕ್ಕೆ ಕರೆತಂದರು. ಉಸ್ತಾದರ ಎರಡೂ ಕೈ ಹಿಡಿದುಕೊಂಡು ನಿಂತರು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಆ ವರ್ಷ ಮಕ್ಕಳ ಜತೆ ನಾನೂ ಈಜು ಕಲಿತೆ. ಗುಳ್ಳೆ ಬಿಡುವುದರಿಂದಲೇ ನನಗೂ ಶುರು ಮಾಡಿಸಿದರು. ಮಕ್ಕಳು ನಕ್ಕಿದ್ದು ಸ್ವಲ್ಪವಲ್ಲ.

ಆರು ವರ್ಷದ ನಂತರ ನನಗೆ ಔರಾದ್ ತಾಲೂಕಿಗೆ ವರ್ಗವಾಯಿತು. ಅಲ್ಲಿ ಈಜುಕೊಳವಿಲ್ಲ. ಅಂಗಳದಲ್ಲಿ ಸುಣ್ಣದಿಂದ ಕೊಳ ಬರೆದು ಗುಂಪಿನ ಆಟ ಆಡಿಸುತ್ತೇನೆ. ಅದನ್ನು ಫೋನಿನಲ್ಲಿ ಹೇಳಿದಾಗ ಉಸ್ತಾದರಿಗೆ ನಂಬಿಕೆಯಾಗಲಿಲ್ಲ. ಒಂದು ದಿನ ಬಸ್ಸು ಹಿಡಿದು ಬಂದೇಬಿಟ್ಟರು. ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಟ್ಟರೆ ಕೂರಲಿಲ್ಲ. ಚಪ್ಪಲಿ ಬಿಟ್ಟು ಸುಣ್ಣದ ಗೆರೆಯೊಳಗೆ ಇಳಿದು ಮಕ್ಕಳ ನಡುವೆ ನಿಂತರು. ಮೂರು ಸಲ ಉಳಿದವರಲ್ಲಿ ಒಬ್ಬರಾದರು. ಮಕ್ಕಳು ಅವರನ್ನು ಬಿಡಲೊಲ್ಲರು. ಕೊನೆಯ ಬಸ್ಸಿಗೆ ಎಲ್ಲರೂ ಕೂಡಿ ಹೋಗಿ ಹತ್ತಿಸಿ ಬಂದೆವು.

ಹೋದ ವರ್ಷದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮೂರನೆಯ ದಿನ ಬೀದರಿನ ಅವರ ಮನೆಗೆ ಹೋದೆ. ನಾವೆಲ್ಲ ಚಾಚಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಅವರ ಹೆಂಡತಿ ಒಳಗಿನ ಕೋಣೆಯಲ್ಲಿ ಕುಳಿತಿದ್ದರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಾನು ಸಮಾಧಾನ ಹೇಳುವ ಮೊದಲೇ ಅವರೇ ನನ್ನ ಕೈ ಹಿಡಿದು ಕ್ಷಮೆ ಕೇಳಿದರು.

"ಅವತ್ತ ನಮ್ಮವರ ಗಲತಿಯಿಂದ ನಿಮಗ ಭಾಳ ತ್ರಾಸ ಆಯ್ತು ಬೇಟಾ. ಆ ಕೂಸು ಮುಳುಗಿದ್ದು. ಮನಸಿನಾಗ ಇಟ್ಕೋಬ್ಯಾಡ್ರಿ."

ನಾನು ಎಲ್ಲರಿಗೂ ಹೇಳಿದ್ದೆ, ಆದರೆ ಈ ಮನೆಗೆ ಬಂದು ಹೇಳಿರಲಿಲ್ಲ. ಉಸ್ತಾದರೇ ಹೇಳಿರುತ್ತಾರೆ ಎಂದುಕೊಂಡಿದ್ದೆ. ತಪ್ಪು ನನ್ನದು ಚಾಚಿ, ಅವರದಲ್ಲ ಎಂದು ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಚಾಚಿ ತಡೆಯದೆ ಕೇಳಿದರು. ಕೇಳಿ ಮುಗಿದ ಮೇಲೆ ನನ್ನ ಕೈ ಬಿಡದೆಯೇ ಹೇಳಿದರು:

"ಇಷ್ಟು ವರ್ಷ ಸಿಟ್ಟು ಬಂದಾಗೊಮ್ಮೆ ಅದೇ ಮಾತು ತೆಗೆದು ಅವರಿಗಿ ಬೈದೇನಿ. ಒಂದು ಸಲನೂ ನಾ ಅಲ್ಲ ಅನ್ನಲಿಲ್ಲ."

ಆಮೇಲೆ ಇಬ್ಬರೂ ಅತ್ತೆವು. ಅವರ ಸೊಸೆ ತಂದಿಟ್ಟ ಚಹಾ ಆರಿಹೋಯಿತು. ಹೊರಡುವಾಗ ಚಾಚಿ, ಇನ್ನೊಮ್ಮೆ ಬಾ, ಬಂದು ಅವರ ಬಗ್ಗೆ ನನಗೆ ಗೊತ್ತಿಲ್ಲದ್ದು ಇನ್ನೇನಾದರೂ ಇದ್ದರೆ ಹೇಳು ಅಂದರು. ಈಗ ತಿಂಗಳಿಗೊಮ್ಮೆ ಔರಾದಿನಿಂದ ಹೋಗಿ ಹೇಳಿ ಬರುತ್ತೇನೆ.