ಒಗ್ಗರಣೆ ಇಲ್ಲದ ಮನೆ

ಎದುರುಮನೆ ಅಕ್ಕನ ಬೆರಳುಗಳು ಸದಾ ತಣ್ಣಗಿರುತ್ತಿದ್ದವು. ತುದಿಗೆ ಹತ್ತಿದ ಬೀಟ್‌ರೂಟಿನ ಕೆಂಪು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಒಲೆಯೇ ಉರಿಯದ ಮನೆಯಲ್ಲಿ ದಿನವಿಡೀ ತುರಿಯುವ, ನೆನೆಸುವ ಕೈ ಇನ್ನು ಹೇಗಿರಬೇಕು?

ಎಂಬತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಮೈಸೂರಿನಿಂದ ಮುಂಬಯಿಯ ಮಲಾಡಿಗೆ ಬಂದ ನನಗೆ ಬಿಲ್ಡಿಂಗಿನಲ್ಲಿ ಸಿಕ್ಕ ಮೊದಲ ಕನ್ನಡದ ದನಿ ಅವರದು. ಉಡುಪಿ ಕಡೆಯವರು. ಗಂಡನಿಗೆ ಹೊಟ್ಟೆಹುಣ್ಣಾಗಿ, ಯಾವ ಔಷಧಿಗೂ ಬಗ್ಗದೆ, ಪ್ರಕೃತಿ ಚಿಕಿತ್ಸೆಯವರೊಬ್ಬರ ಮಾತಿನಂತೆ ಹಸಿ ಆಹಾರ ಹಿಡಿದಿದ್ದರು. ನೋವು ನಿಂತಿತ್ತು. ಮನೆಯಲ್ಲಿ ಬೇಯಿಸಿದರೆ ಅವರ ಮನಸ್ಸು ಕೆಡುತ್ತದೆಂದು ಅಕ್ಕನೂ ಜೊತೆಗೂಡಿದರು. ಗ್ಯಾಸ್ ಸಿಲಿಂಡರ್ ನಾದಿನಿಯ ಮನೆಗೆ ಹೋಯಿತು. ಕೆಲವು ತಿಂಗಳಿಗೆಂದು ಹಿಡಿದ ಪಥ್ಯ ನಾನು ಬರುವಷ್ಟರಲ್ಲಿ ವರ್ಷಗಳನ್ನೇ ದಾಟಿತ್ತು.

ಹಾಗೆಂದು ಅವರ ತಟ್ಟೆ ಬಡವಾಗಿರಲಿಲ್ಲ. ಇವತ್ತು ಸೌತೆಕಾಯಿಗೆ ನೆನೆಸಿದ ಹೆಸರುಬೇಳೆ, ನಾಳೆ ಅದೇ ಸೌತೆಗೆ ಮಾವಿನಕಾಯಿ, ತೆಂಗಿನತುರಿ, ಮೊಳಕೆಕಾಳಿಗೆ ದಾಳಿಂಬೆ. ಅನ್ನ ಕಾಣದ ಬಾಯಿಗೆ ನೆನೆಸಿದ ಅವಲಕ್ಕಿಯೇ ಹಬ್ಬ. ಭತ್ತ ಹುರಿಯದೆ ಅವಲಕ್ಕಿ ಆಗುವುದಿಲ್ಲವೆಂದು ಗಂಡ ಎಲ್ಲೋ ತಿಳಿದುಕೊಂಡು ಬಂದ ದಿನ ಅದಕ್ಕೂ ಸಂಚಕಾರ ಬಂತು.

"ಅದೊಂದು ಇತ್ತು ಮಾರಾಯ್ತಿ, ಅದೂ ಹೋಯ್ತು" ಎಂದು ಅಕ್ಕ ನಕ್ಕರು. ನನಗೆ ನಗು ಬರಲಿಲ್ಲ.

ಗದರುವ ಗಂಡನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಆ ಮನುಷ್ಯ ಸಂಜೆ ಲೋಕಲ್‌ನಲ್ಲಿ ನುಗ್ಗಾಗಿ ಬಂದು, ಚಪ್ಪಲಿ ಬಿಡುತ್ತಲೇ "ಇವತ್ತು ಎಂತ ತಿಂದದ್ದು?" ಎಂದು ಮೃದುವಾಗಿ ಕೇಳುತ್ತಿದ್ದರು. ಆಮೇಲೆ, "ನೀನು ಜೊತೆಗಿದ್ದೀ ಅಂತ ನಾನು ಬದ್ಕಿದ್ದೇನೆ" ಎನ್ನುತ್ತಿದ್ದರು. ಬಿಲ್ಡಿಂಗಿನ ಹೆಂಗಸರು "ಕ್ಯಾ ಸಾಥ್ ದೇತಿ ಹೈ" ಎಂದು, ಗಂಡನಿಗೆ ಎಂಥ ಜೊತೆ ಎಂದು ಕೊಂಡಾಡುವುದು ಬೇರೆ. ಇಂಥ ಪ್ರೀತಿಯ ಬೀಗವನ್ನು ಒಡೆಯುವುದಾದರೂ ಹೇಗೆ? ಅಕ್ಕ ಎಳನೀರು ಬಗ್ಗಿಸಿ ಕೊಡುತ್ತಿದ್ದರು.

ಮಧ್ಯಾಹ್ನ, ಕೂದಲಿಗೆ ವಾಸನೆ ಹತ್ತದಂತೆ ಟವೆಲ್ ಸುತ್ತಿಕೊಂಡು ನನ್ನ ಅಡುಗೆಮನೆಗೆ ಬರುತ್ತಿದ್ದರು. ನನಗೋ ಅನ್ನವನ್ನು ಉದುರಾಗಿ ಮಾಡಲೂ ಬಾರದ ಕಾಲ. ಸಾರು, ಹುಳಿ, ಸಿಹಿ-ಖಾರದ ಮೆಣಸ್ಕಾಯಿ ಎಲ್ಲ ಕಲಿಸಿದವರು ಅವರೇ. ಆದರೆ ನಾಲಿಗೆಗೆ ಹನಿಯನ್ನೂ ಸೋಕಿಸುತ್ತಿರಲಿಲ್ಲ. ಕುದಿಯುವ ಪಾತ್ರೆಯ ಮೇಲೆ ಬಗ್ಗಿ, ಮೂಸಿ, "ಉಪ್ಪು ಸಾಲ್ದು" ಎನ್ನುತ್ತಿದ್ದರು. ನಾನು ಇಂದಿಗೂ ಸಾರಿನ ಉಪ್ಪು ನೋಡುವುದು ಮೂಗಿನಲ್ಲೇ. ಒಗ್ಗರಣೆಯನ್ನು ಮಾತ್ರ ನನ್ನ ಕೈಗೆ ಬಿಡುತ್ತಿರಲಿಲ್ಲ. ಸಾಸಿವೆ ಸಿಡಿದು ಇಂಗು ಅರಳುವಾಗ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು.

"ಒಂದು ಸೌಟು ಕುಡೀರಿ ಅಕ್ಕ, ಯಾರಿಗೆ ಗೊತ್ತಾಗುತ್ತೆ?"

"ಸಂಜೆ ಅವ್ರು ಕೇಳ್ತಾರಲ್ಲ. ಸುಳ್ಳು ಹೇಳ್ಲಿಕ್ಕೆ ನಂಗೆ ಬರೂದಿಲ್ಲ."

ಕೈಗೆ ಸಾಬೂನು ಹಾಕಿ, ಸೆರಗು ಕೊಡವಿ, ಮೂಸಿ ನೋಡಿಕೊಂಡು ಎದುರುಮನೆಗೆ ಮರಳುತ್ತಿದ್ದರು.

ಒಂದು ಸಂಜೆ ಅವರ ಗಂಡ ಸ್ಟೇಷನ್ನಿನ ಮೆಟ್ಟಿಲ ಮೇಲೆ ಎದೆ ಹಿಡಿದು ಕುಳಿತವರು ಮತ್ತೆ ಏಳಲಿಲ್ಲ.

ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆರೆಯವರು ಊಟ ಒಯ್ಯುತ್ತಾರೆ. ಆ ಊಟಕ್ಕೆ ಒಗ್ಗರಣೆ ಹಾಕಬಾರದೆಂಬ ಕಟ್ಟುಪಾಡೂ ನಮ್ಮಲ್ಲುಂಟು. ಎಲ್ಲರಿಗೂ ಸಪ್ಪೆ ಸಾರು ಮಾಡಿ, ಅದರಲ್ಲೇ ಒಂದಿಷ್ಟನ್ನು ಸಣ್ಣ ಡಬ್ಬಿಗೆ ತೆಗೆದು, ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು ಸಿಡಿಸಿ ಸುರಿದೆ. ಅಕ್ಕ ಇಷ್ಟು ವರ್ಷ ಪಾಲಿಸಿದ ಕಟ್ಟುಪಾಡು ಸಾಕು ಅನ್ನಿಸಿತ್ತು.

ಹಾಲ್‌ನಲ್ಲಿ ನಾದಿನಿ, ನೆಂಟರು ಕೂತಿದ್ದರು. ಅಕ್ಕ ಒಳಗೆ, ಗ್ಯಾಸಿಲ್ಲದ ಅಡುಗೆಕಟ್ಟೆಗೆ ಒರಗಿ ನೆಲದ ಮೇಲಿದ್ದರು. ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ತಲೆಯೆತ್ತಿದರು.

"ಒಗ್ಗರಣೆ ಹಾಕಿದ್ದೀ."

"ಹೂಂ."

ನಾನು ತಂದಿದ್ದ ಅನ್ನವನ್ನು ತಟ್ಟೆಗೆ ಹಾಕಿ, ಆ ಸಾರು ಬಡಿಸಿ, ಬಾಗಿಲಿಗೆ ಅಡ್ಡವಾಗಿ ನಿಂತೆ. ಅವರು ಅನ್ನ ಕಲಸಿದರು. ಬಿಸಿ ತಾಳದೆ ಬೆರಳು ಹಿಂದೆಗೆದು, ಊದಿ ಊದಿ ತಿಂದರು. ಕಣ್ಣೀರು ಇಳಿಯುತ್ತಲೇ ಇತ್ತು, ಕೈ ನಿಲ್ಲಲಿಲ್ಲ. ತಟ್ಟೆ ಬರಿದಾದ ಮೇಲೆ ಹಾಲ್ ಕಡೆ ಒಮ್ಮೆ ನೋಡಿ, ಪಿಸುದನಿಯಲ್ಲಿ ಹೇಳಿದರು:

"ರುಚಿ ಉಂಟು ಅಂತ ಇವತ್ತು ಹೇಳ್ಬಾರ್ದಲ್ಲ."

ಹೇಳಬೇಡಿ ಎಂದು, ಡಬ್ಬಿಯಲ್ಲಿ ಉಳಿದದ್ದನ್ನೂ ಅವರ ತಟ್ಟೆಗೆ ಬಗ್ಗಿಸಿದೆ.