ನಾನೇ ಉದ್ಘಾಟಿಸಿದ ಪೌಡರ್ ಡಬ್ಬಿ

ಎರಡು ತಿಂಗಳ ಹಿಂದೆ ಸೋದರಮಾವನ ಮನೆಗೆ ಹೋಗಿದ್ದೆ. ನಡುಮನೆಯ ಗೋಡೆಗೆ, ಕ್ಯಾಲೆಂಡರಿನ ಪಕ್ಕ, ನನ್ನ ಫೋಟೋ ಅಂಟಿಸಿದ್ದರು.

ಅಂಕಣ ಬರೆಯುವವನಿಗೆ ಇದಕ್ಕಿಂತ ಇನ್ನೇನು ಬೇಕು? ಒಂದು ಕ್ಷಣ ಉಬ್ಬಿಹೋದೆ. ಹತ್ತಿರ ಹೋಗಿ ನೋಡಿದರೆ ಅದೊಂದು ಪಾಂಪ್ಲೆಟ್. ನನ್ನ ಕೈಯಲ್ಲಿ ಬಿಂದಿಗೆ ಗಾತ್ರದ ಪ್ರೋಟೀನ್ ಪೌಡರ್ ಡಬ್ಬಿ. ಮುಖದಲ್ಲಿ ಮದುಮಗನ ನಗು. ಕೆಳಗೆ ದಪ್ಪ ಅಕ್ಷರದಲ್ಲಿ, ‘ಊಟ ಬಲ್ಲವನಿಗೆ ರೋಗವಿಲ್ಲ: ಖ್ಯಾತ ಅಂಕಣಕಾರರ ಮಾತು’. ಅದರ ಕೆಳಗೆ, ‘ಮಾಂಸಖಂಡ ಕರಗುತ್ತಿದೆಯೇ? ವ್ಯಾಯಾಮ ಬೇಡ, ಮಾತ್ರೆ ಬೇಡ. ದಿನಕ್ಕೆ ಮೂರು ಚಮಚ ಸಾಕು’.

(ಗಾದೆ ನನ್ನದಲ್ಲ, ಊರಿನದು. ಖ್ಯಾತಿಯೂ ನನ್ನದಲ್ಲ, ಪ್ರಿಂಟ್ ಹಾಕಿಸಿದವನದು.)

ಆ ಗೋಡೆಯ ಪಕ್ಕದ ಮಂಚದಲ್ಲೇ ಮಾವ ಮಲಗಿದ್ದರು. ಪಾದ ಎರಡೂ ಊದಿಕೊಂಡು ಹೊಳೆಯುತ್ತಿದ್ದವು. ಮೊಣಕಾಲಿನಿಂದ ಮೇಲೆ ಮಾತ್ರ ಕೋಲಿನಂತೆ ಸಣಕಲು. ಮೂರು ದಿನದಿಂದ ಗಂಜಿ ಕುಡಿದರೂ ವಾಂತಿ ಎಂದರು ಅತ್ತೆ.

“ಪೌಡರ್ ಬಿಟ್ಟಿಲ್ಲ ಕಣಪ್ಪ, ದಿನಾ ಕೊಡ್ತಾ ಇದೀನಿ. ನೀನೇ ಹೇಳಿದ್ದೀಯ ಅಂತ ಇವ್ರು ಒಂದೊತ್ತೂ ತಪ್ಪಿಸಿಲ್ಲ,” ಎಂದರು.

ನಾನು ಹೇಳಿದ್ದೆನೆ? ಯಾವಾಗ? ಏನಂತ?

ಮೊದಲು ಮಾವನ ಬಗ್ಗೆ ಹೇಳಬೇಕು. ಹೆಸರು ಶಿವಲಿಂಗಪ್ಪ. ನೊಣವಿನಕೆರೆಯಿಂದ ಮೂರು ಮೈಲಿ ಆಚೆ ಒಂದು ಸಣ್ಣ ಊರು, ತೆಂಗಿನ ತೋಟ. ವಯಸ್ಸು ಅರವತ್ತಾರು. ಕರಟ ಒಡೆದು ಉಂಡೆ ಕೊಬ್ಬರಿಯನ್ನು ಒಂದು ಗೀರೂ ಬೀಳದ ಹಾಗೆ ತೆಗೆಯುವುದರಲ್ಲಿ ಅವರದು ಎತ್ತಿದ ಕೈ. ಮಚ್ಚಿನ ಏಟು ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತಿತ್ತು. ತುಂಬಿದ ಚೀಲವನ್ನು ಒಬ್ಬರೇ ಟೆಂಪೋಗೆ ಎತ್ತಿ ಹಾಕುತ್ತಿದ್ದರು. ಇಪ್ಪತ್ತು ವರ್ಷದಿಂದ ಶುಗರ್ ಇದೆ. ಎರಡು ವರ್ಷದ ಹಿಂದೆ ಕಿಡ್ನಿಯೂ ಸ್ವಲ್ಪ ಸೋತಿದೆ ಎಂದು ಡಾಕ್ಟರ್ ಹೇಳಿದ್ದರು.

ಆಮೇಲೆ ಮಾವ ಸೊರಗತೊಡಗಿದರು. ಕೈಗಡಿಯಾರ ಮೊಣಕೈಗೆ ಜಾರತೊಡಗಿತು. ಒಂದು ದಿನ ದಬ್ಬೇಘಟ್ಟದಲ್ಲಿ ಬಸ್ಸಿನಿಂದ ಇಳಿಯುವಾಗ ಕಾಲು ನಿಲ್ಲದೆ ಮೆಟ್ಟಿಲಲ್ಲೇ ಕುಸಿದರು. ಕಂಡಕ್ಟರ್ ಕಂಕುಳಿಗೆ ಕೈ ಕೊಟ್ಟು ಎತ್ತಿ, “ನಿಧಾನಕ್ಕೆ ತಾತ,” ಎಂದನಂತೆ. ಬಿದ್ದ ನೋವಿಗಿಂತ ಆ ‘ತಾತ’ ಹೆಚ್ಚು ನೋಯಿಸಿತ್ತು.

ಡಾಕ್ಟರ್ ಹೇಳಿದ್ದು ಇಷ್ಟೇ. ಮಾತ್ರೆ ಬಿಡಬೇಡಿ. ದಿನಾ ನಡೆಯಿರಿ. ಕೂತು ಏಳುವ ವ್ಯಾಯಾಮ ಮಾಡಿ. ಬೇಳೆ, ಹಾಲು ಎಷ್ಟು ಅಂತ ಬರೆದುಕೊಟ್ಟಿದ್ದೇನೆ, ಅಷ್ಟೇ ತಿನ್ನಿ. ಮಾವ ಹಾಗೇ ಮಾಡುತ್ತಿದ್ದರು. ಬೆಳಗ್ಗೆ ತೋಟದ ಆ ತುದಿಯ ಬೇಲಿ ಮುಟ್ಟಿ ಬರುತ್ತಿದ್ದರು. ಆದರೆ ಹೋದ ಮಾಂಸ ವಾರದಲ್ಲಿ ವಾಪಸ್ ಬರುತ್ತದೆಯೇ? ಬರಲಿಲ್ಲ. ಬೇಜಾರಾದರು.

ಅಷ್ಟರಲ್ಲಿ ನಾನು ಹೋಗಿ ದೀಪ ಹಚ್ಚಿದೆ.

ಅದು ಹೀಗಾಯಿತು. ಲೋಕೇಶ ಅಂತ ನನ್ನ ಹಳೇ ಸ್ಟೂಡೆಂಟ್. (ನಾನು ತಿಪಟೂರಿನಲ್ಲಿ ಕನ್ನಡ ಮೇಷ್ಟ್ರು, ಕೆಲವರಿಗಾದರೂ ನೆನಪಿರಬಹುದು.) ಫೋನ್ ಮಾಡಿದ. “ಸಾರ್, ಫ್ರೀ ಹೆಲ್ತ್ ಕ್ಯಾಂಪ್ ಮಾಡ್ತಾ ಇದೀವಿ. ನಿಮ್ಮಂಥೋರು ಬಂದು ಉದ್ಘಾಟನೆ ಮಾಡಿದ್ರೆ ಜನಕ್ಕೆ ನಂಬಿಕೆ ಬರ್ತದೆ.”

ನಂಬಿಕೆ ಯಾವುದರ ಮೇಲೆ ಅಂತ ನಾನು ಕೇಳಲಿಲ್ಲ.

ಹೋದೆ. ಸಮುದಾಯ ಭವನದಲ್ಲಿ ನೂರಾರು ಜನ. ಒಂದು ಮೆಷಿನ್ ಇಟ್ಟಿದ್ದರು. ಬರಿಗಾಲಲ್ಲಿ ಅದರ ಮೇಲೆ ನಿಂತು ಎರಡು ಹಿಡಿಕೆ ಹಿಡಿದರೆ ಚೀಟಿ ಬರುತ್ತದೆ. ಚೀಟಿಯಲ್ಲಿ ನಿಮ್ಮ ‘ಮಾಂಸಖಂಡದ ವಯಸ್ಸು’. ಐವತ್ತನಾಲ್ಕರ ನನಗೆ ಎಪ್ಪತ್ತೊಂದು ಬಂತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಲ್ಲಿ ಯಾರ ಚೀಟಿಯಲ್ಲೂ ಇರುವ ವಯಸ್ಸಿಗಿಂತ ಕಡಿಮೆ ಬರಲಿಲ್ಲ ಎನ್ನುವುದು ನನಗೆ ಹೊಳೆಯಲೂ ಇಲ್ಲ.

ದೀಪ ಹಚ್ಚಿದೆ. ಭಾಷಣದಲ್ಲಿ ಗಾದೆ ಹೇಳಿದೆ. ಶಾಲು ಹೊದಿಸಿದರು, ಹಾರ ಹಾಕಿದರು. ಕೈಗೊಂದು ಡಬ್ಬಿ ಕೊಟ್ಟು, “ಸ್ವಲ್ಪ ಮೇಲೆ ಹಿಡೀರಿ ಸಾರ್,” ಎಂದರು. ಹಿಡಿದೆ.

ಆ ಫೋಟೋ ಇರುವ ಪಾಂಪ್ಲೆಟ್ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಮಾವನ ಕೈ ಸೇರಿತು. ಅವರಿಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ನಾಲ್ಕು ಅಕ್ಷರ ಕಲಿತ, ಪೇಪರಿನಲ್ಲಿ ಬರೆಯುವ ನಮ್ಮ ಹುಡುಗ ಸುಳ್ಳು ಹೇಳ್ತಾನಾ? ಡಬ್ಬಿ ತಂದರು. ‘ಮಾತ್ರೆ ಬೇಡ’ ಎಂದು ಬರೆದಿತ್ತು, ಮಾತ್ರೆ ಬಿಟ್ಟರು. ‘ವ್ಯಾಯಾಮ ಬೇಡ’ ಎಂದು ಬರೆದಿತ್ತು, ಬೇಲಿ ಮುಟ್ಟಿ ಬರುವುದನ್ನೂ ಬಿಟ್ಟರು. ಮೂರು ಚಮಚಕ್ಕೆ ನಾಲ್ಕು ಹಾಕಿಕೊಂಡರು, ಬೇಗ ಬಲ ಬರಲಿ ಅಂತ.

ನನಗೊಂದು ಫೋನ್ ಮಾಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ನಾನೂ ಕೇಳಿದೆ. “ಫೋಟೋದಾಗೇ ಹೇಳಿದ್ದೀಯಲ್ಲಪ್ಪ, ಮತ್ತೆ ಫೋನ್ ಯಾಕೆ?” ಎಂದರು ಅತ್ತೆ.

ಅವತ್ತೇ ಕಾರು ಮಾಡಿಕೊಂಡು ತುಮಕೂರಿಗೆ ಕರೆದುಕೊಂಡು ಹೋದೆ. ಅಡ್ಮಿಟ್ ಮಾಡಿಕೊಂಡರು. ರಕ್ತದ ರಿಪೋರ್ಟ್ ಬಂದ ಮೇಲೆ ಕಿಡ್ನಿ ಡಾಕ್ಟರಮ್ಮ ನಮ್ಮನ್ನು ಒಳಗೆ ಕರೆದರು. ಮಾತ್ರೆ ಯಾಕೆ ನಿಲ್ಲಿಸಿದಿರಿ, ಈ ಪೌಡರ್ ಯಾರು ಹೇಳಿದ್ದು ಎಂದು ಕೇಳಿದರು. ಅತ್ತೆ ಬ್ಯಾಗಿನಿಂದ ಆ ಪಾಂಪ್ಲೆಟ್ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. (ಗೋಡೆಯಿಂದ ಕಿತ್ತು, ಜೋಪಾನವಾಗಿ ಮಡಚಿ ತಂದಿದ್ದರು. ಔಷಧಿ ಚೀಟಿ ಎಂದೇ ಅವರು ತಿಳಿದಿದ್ದದ್ದು.)

ಡಾಕ್ಟರಮ್ಮ ಫೋಟೋ ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಇವರ ಕಿಡ್ನಿ ಎಷ್ಟು ಪ್ರೋಟೀನ್ ತಡ್ಕೊಳ್ಳುತ್ತೆ ಅಂತ ನಿಮಗೆ ಗೊತ್ತಿತ್ತಾ?”

“ಇಲ್ಲ ಮೇಡಂ.”

“ಮತ್ತೆ?”

ಮೂವತ್ತು ವರ್ಷದಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ಆ ‘ಮತ್ತೆ’ ಕೇಳಿ, ಪಾಂಪ್ಲೆಟ್ಟನ್ನು ಮಡಚಿ ನನ್ನ ಜೇಬಿಗೆ ಹಾಕಿಕೊಂಡೆ.

ಪಾಪ, ಆಕೆ ಕೂಗಾಡಲಿಲ್ಲ. ಮಾವನ ಮಂಚದ ಹತ್ತಿರ ಬಂದು ಅವರಿಗೆ ಅರ್ಥವಾಗುವ ಹಾಗೆ ಹೇಳಿದರು. “ಪೌಡರೇ ವಿಷ ಅಂತ ನಾನು ಹೇಳ್ತಾ ಇಲ್ಲ ಯಜಮಾನ್ರೇ. ಡಯಾಲಿಸಿಸ್ ಮಾಡಿಸ್ಕೊಳ್ಳೋ ಕೆಲವರಿಗೆ ನಾವೇ ಬರ್ಕೊಡ್ತೀವಿ. ಆದ್ರೆ ಯಾರಿಗೆ, ಎಷ್ಟು ಅಂತ ರಕ್ತ ನೋಡಿ ಹೇಳ್ಬೇಕು. ನಿಮ್ಮ ಸೋತ ಕಿಡ್ನಿಗೆ ಇಷ್ಟು ಪೌಡರ್ ಹೊರೆ ಆಯ್ತು. ಇನ್ನೊಂದು, ಕೆಲಸ ಕೊಡದೆ ಬರೀ ತಿನ್ನಿಸಿದ್ರೆ ಮಾಂಸ ಬೆಳೆಯಲ್ಲ. ಮಾತ್ರೆ ಬಿಟ್ಟಿದ್ದಕ್ಕೆ ಶುಗರ್ ಏರಿತು. ಮಲಗಿದ್ದಕ್ಕೆ ಇದ್ದ ಮಾಂಸವೂ ಹೋಯ್ತು.”

ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆವು. ಡಯಾಲಿಸಿಸ್ ತಪ್ಪಿತು. ಆದರೆ ಕಿಡ್ನಿ ಮೊದಲಿದ್ದ ಮಟ್ಟಕ್ಕೆ ಇನ್ನು ಬರುವುದಿಲ್ಲ ಎಂದರು. ಎಳನೀರನ್ನೂ ಬಿಡಬೇಕಂತೆ, ಅದರಲ್ಲಿರುವ ಪೊಟ್ಯಾಸಿಯಂ ಇಂಥ ಕಿಡ್ನಿಗೆ ಆಗುವುದಿಲ್ಲವಂತೆ. ತೆಂಗಿನ ತೋಟದವನಿಗೆ ಎಳನೀರು ಬೇಡ ಅನ್ನುವುದೆಂದರೆ ಏನು ಅಂತ ನಮ್ಮ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಾವ ಆಸ್ಪತ್ರೆಯ ಕಿಟಕಿಯ ಕಡೆ ತಿರುಗಿ ಮಲಗಿದರು.

ಅವರನ್ನು ಮನೆ ಸೇರಿಸಿದ ಮರುದಿನ ಲೋಕೇಶನ ಆಫೀಸಿಗೆ ಹೋದೆ. ಪಾಂಪ್ಲೆಟ್ ಮೇಜಿನ ಮೇಲೆ ಕುಕ್ಕಿದೆ.

“ಮಾತ್ರೆ ಬೇಡ ಅಂತ ಯಾವ ಧೈರ್ಯದ ಮೇಲೆ ಹಾಕಿದೆ?”

ಅವನು ಗಾಬರಿಯಾಗಲಿಲ್ಲ. ಕಾಫಿ ತರಿಸಿದ. “ಸಾರ್, ಡಬ್ಬಿ ಮೇಲೆ ಬರೆದಿದೆ ನೋಡಿ. ಕಾಯಿಲೆ ಇರೋರು ವೈದ್ಯರ ಸಲಹೆ ತಗೋಬೇಕು ಅಂತ.”

ನೋಡಿದೆ. ಬರೆದಿತ್ತು. ಇಂಗ್ಲಿಷಿನಲ್ಲಿ. ಇರುವೆ ಸಾಲಿನಂಥ ಅಕ್ಷರದಲ್ಲಿ, ಡಬ್ಬಿಯ ತಳದ ಹತ್ತಿರ. ‘ಮಾತ್ರೆ ಬೇಡ’ ಮಾತ್ರ ಕನ್ನಡದಲ್ಲಿ, ಹೆಬ್ಬೆರಳು ಗಾತ್ರದಲ್ಲಿ. ಏಳನೇ ಕ್ಲಾಸು ಓದಿದ ನಮ್ಮ ಮಾವ ಯಾವುದನ್ನು ಓದಬೇಕು?

“ನಮ್ಮಮ್ಮನೂ ಇದನ್ನೇ ಕುಡಿಯೋದು ಸಾರ್,” ಎಂದ ಲೋಕೇಶ. ಸುಳ್ಳು ಹೇಳುತ್ತಿದ್ದಾನೆ ಅನ್ನಿಸಲಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು. ಕಳ್ಳನಾಗಿದ್ದರೆ ಬೈದು ಬರಬಹುದಿತ್ತು. ತಾನು ಮಾರುವುದನ್ನು ತಾನೇ ನಂಬಿರುವವನಿಗೆ ಏನು ಹೇಳುತ್ತೀರಿ?

“ನನ್ನ ಫೋಟೋ ತೆಗೆದು ಹಾಕು.”

“ವಾಟ್ಸಾಪಲ್ಲಿ ಹೋಗ್ಬಿಟ್ಟಿದೆಯಲ್ಲ ಸಾರ್. ಈಗ ಹೆಂಗೆ ವಾಪಸ್ ತರೋದು?” ಎಂದ. ಮುಂದಿನ ವಾರ ಚಿಕ್ಕನಾಯಕನಹಳ್ಳಿಯಲ್ಲಿ ಕ್ಯಾಂಪ್ ಇದೆ ಎಂದೂ ಅವನೇ ಹೇಳಿದ.

ಆರೋಗ್ಯ ಇಲಾಖೆಗೆ ದೂರು ಬರೆದುಕೊಟ್ಟೆ. ತಗೊಂಡವರು ಸೀಲ್ ಹೊಡೆದರು. ಸೀಲ್ ಹೊಡೆದಿದ್ದಾರೆ ಅನ್ನುವುದೇ ಇವತ್ತಿನವರೆಗಿನ ಸುದ್ದಿ.

ಕ್ಯಾಂಪಿನ ದಿನ ಕಾಲೇಜಿಗೆ ರಜೆ ಹಾಕಿ ಚಿಕ್ಕನಾಯಕನಹಳ್ಳಿಗೆ ಹೋದೆ. ಗೇಟಿನ ಪಕ್ಕ ನಿಂತೆ. ಬರುವವರಿಗೆಲ್ಲ ಹೇಳತೊಡಗಿದೆ. ಶುಗರ್, ಕಿಡ್ನಿ, ಹಾರ್ಟ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಏನೂ ತಗೋಬೇಡಿ. ನಿಮ್ಮ ಮಾತ್ರೆ ನಿಲ್ಲಿಸಬೇಡಿ. ಕೆಲವರು ನಿಂತು ಕೇಳಿದರು. ಒಬ್ಬ ಹೆಂಗಸು ಗಂಡನ ತೋಳು ಹಿಡಿದು ವಾಪಸ್ ಕರೆದುಕೊಂಡು ಹೋದರು. ಸಂತೋಷವಾಯಿತು.

ಆಮೇಲೆ ಹುಳಿಯಾರು ಕಡೆಯ ಹಟ್ಟಿಯಿಂದ ಒಬ್ಬ ಹಿರಿಯರು ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ನಡೆದರೆ ಮೊಣಕಾಲು ನಡುಗುತ್ತಿತ್ತು. ನನ್ನ ಮಾತು ಕೇಳುತ್ತಲೇ ನನ್ನ ಮುಖ ದಿಟ್ಟಿಸಿದರು. ಜೇಬಿನಿಂದ ಪಾಂಪ್ಲೆಟ್ ತೆಗೆದು ಹೋಲಿಸಿ ನೋಡಿದರು.

“ಇದ್ರಾಗೆ ಇರೋರು ನೀವೇ ಅಲ್ವೇನ್ರೀ?”

“ಹೌದು. ಆದ್ರೆ ಅದು...”

“ಅಂಗಾರೆ ಸರಿಯಾದ್ ಜಾಗಕ್ಕೇ ಬಂದಿದೀನಿ ಬುಡಿ,” ಎಂದು ನಕ್ಕು, ಕೋಲು ಊರಿಕೊಂಡು ಒಳಗೆ ಹೋಗಿಬಿಟ್ಟರು.

ಒಳಗೆ ಓಡಿ ಕರೆದೆ. ಅಷ್ಟರಲ್ಲಿ ಲೋಕೇಶನ ಹುಡುಗರು ಬಂದು, “ಸಾರ್, ಗಲಾಟೆ ಬೇಡ,” ಎಂದು ಮರ್ಯಾದೆಯಾಗಿಯೇ ಹೊರಗೆ ತಂದು ಬಿಟ್ಟರು. ವೇದಿಕೆಯ ಮೇಲೆ ಒಬ್ಬ ನಿವೃತ್ತ ಅಧಿಕಾರಿ ಶಾಲು ಹೊದ್ದು ಕೂತಿದ್ದರು. ನನ್ನನ್ನು ನೋಡಿ ಕೈ ಬೀಸಿದರು. ಪರಿಚಯಸ್ಥರು.

ನನ್ನ ಸಿಟ್ಟು ಬರೀ ಲೋಕೇಶನ ಮೇಲಲ್ಲ. ನಮ್ಮಂಥ ಗಣ್ಯರ ಮೇಲೆ. ನಾವು ಯಾರು? ಒಂದು ಶಾಲಿಗೆ ಎಲ್ಲಿ ಬೇಕಾದರೂ ಹೋಗಿ ನಿಲ್ಲುವ ಜಾತಿ. ಬಾಗಿಲು ಯಾವುದು ಅಂತ ನೋಡದೆ ಟೇಪು ಕತ್ತರಿಸುತ್ತೇವೆ. ಒಳಗೆ ಏನು ಮಾರುತ್ತಾರೆ ಎಂದು ಕೇಳುವುದು ಸಣ್ಣತನ ಅಂದುಕೊಂಡಿದ್ದೇವೆ. ಬಸ್ ಮೆಟ್ಟಿಲಲ್ಲಿ ಕುಸಿದು ಅವಮಾನಪಟ್ಟ ಮನುಷ್ಯ ನಮ್ಮ ಮುಖ ನೋಡಿ ಬಾಯಿ ತೆರೆಯುತ್ತಾನೆ ಅನ್ನುವುದು ನಮಗೆ ಗೊತ್ತೇ ಇಲ್ಲವೆ? ಗೊತ್ತಿದೆ. ಕರೆಯುವವರಿಗಂತೂ ಚೆನ್ನಾಗಿ ಗೊತ್ತಿದೆ.

ಇನ್ನೊಂದು. ಈ ದೇಹಕ್ಕೆ ನಿಜವಾಗಿ ಬೇಕಾದದ್ದಕ್ಕೆ ಯಾರಾದರೂ ಉದ್ಘಾಟನೆ ಇಟ್ಟುಕೊಂಡಿದ್ದಾರೆಯೇ? ನಮ್ಮ ತಿಪಟೂರಿನಲ್ಲೇ ಒಬ್ಬಳು ಫಿಸಿಯೋಥೆರಪಿ ಹುಡುಗಿ ಇದ್ದಾಳೆ. ವಾರಕ್ಕೆರಡು ದಿನ ಸ್ಕೂಟರಿನಲ್ಲಿ ಮಾವನ ಮನೆಗೆ ಬರುತ್ತಾಳೆ. ಅವಳ ಸಾಮಾನು ಏನು ಗೊತ್ತೆ? ಮಾವನ ಮನೆಯ ಮರದ ಕುರ್ಚಿ. ಕೈ ಊರದೆ ಅದರಿಂದ ಎದ್ದು ಕೂರಬೇಕು. ಕಿಟಕಿ ಸರಳು ಹಿಡಿದು ಹಿಮ್ಮಡಿ ಎತ್ತಬೇಕು. ಬಟ್ಟೆ ಚೀಲಕ್ಕೆ ಸುಲಿದ ತೆಂಗಿನಕಾಯಿ ಒಂದು ಹಾಕಿ ಎತ್ತಬೇಕು, ಆಮೇಲೆ ಎರಡು. ಮೊದಲ ದಿನ ಮಾವನಿಗೆ ಒಂದು ಸಲವೂ ಏಳಲಾಗಲಿಲ್ಲ. “ಚೀಲಗಟ್ಲೆ ಕೊಬ್ರಿ ಎತ್ತಿದೋನು ಕಣವ್ವ ನಾನು,” ಎಂದು ಆ ಹುಡುಗಿಯ ಮುಂದೆ ಕಣ್ಣೀರು ಹಾಕಿದರಂತೆ. “ಗೊತ್ತು ತಾತ, ಇವತ್ತು ಒಂದು ಕಾಯಿ ಎತ್ತಿ,” ಎಂದಳಂತೆ ಅವಳು. ಈ ‘ತಾತ’ಕ್ಕೆ ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ಇದಕ್ಕೆ ಪಾಂಪ್ಲೆಟ್ ಇಲ್ಲ. ಯಾಕೆಂದರೆ ಕುರ್ಚಿ ಈಗಾಗಲೇ ಮನೆಯಲ್ಲಿದೆ. ಮಾರಲಿಕ್ಕೆ ಏನಿದೆ?

ಹೋದ ಭಾನುವಾರ ಮತ್ತೆ ಹೋಗಿದ್ದೆ. ಮಾವ ಜಗಲಿಯಲ್ಲಿ ಎದ್ದು ಕೂರುತ್ತಿದ್ದರು, ಅತ್ತೆ ಲೆಕ್ಕ ಹಿಡಿಯುತ್ತಿದ್ದರು. ಆರಕ್ಕೆ ಏದುಸಿರು ಬಂತು. ಏಳನೆಯದಕ್ಕೆ ಕಾಲು ನಡುಗಿತು, ಆದರೂ ಎದ್ದರು. ಎಂಟು ಆಗಲಿಲ್ಲ. ಕೂತು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು.

ಅವತ್ತಿನವರೆಗೂ ಬಾಯಿಗೆ ಬಾರದಿದ್ದ ಮಾತು ಆಗ ಬಂತು. “ತಪ್ಪಾಯ್ತು ಮಾವ. ವಿಚಾರ ಮಾಡದೆ ಹೋಗಿ ಅಲ್ಲಿ ನಿಂತುಬಿಟ್ಟೆ. ನನ್ನಿಂದ ನಿಮಗೆ ಹಿಂಗಾಯ್ತು.”

“ಅದ್ ಬುಡು,” ಎಂದರು ಮಾವ. ಟವೆಲ್ ಹೆಗಲಿಗೆ ಹಾಕಿಕೊಂಡು, “ಒಂದ್ ಮಾತ್ ಕೇಳ್ತೀನಿ, ನಿಜ ಹೇಳ್ಬೇಕು. ಆ ಡಬ್ಬೀನ ನಿನ್ ಕೈಗೇ ಕೊಟ್ಟು ಕಳ್ಸಿರ್ತಾರಲ್ಲ. ನೀನು ಕುಡಿದ್ಯೇನ್ಲಾ?”

ಕೊಟ್ಟು ಕಳಿಸಿದ್ದರು. ಮನೆಗೆ ತಂದ ದಿನವೇ, ಇಂಥದ್ದನ್ನೆಲ್ಲ ಯಾರು ಕುಡೀತಾರೆ ಎಂದು ನನ್ನ ಹೆಂಡತಿ ಪೌಡರನ್ನು ಹಿತ್ತಲ ತೆಂಗಿನ ಬುಡಕ್ಕೆ ಸುರಿದಿದ್ದಳು. ನಾನೂ ನಕ್ಕು ಸುಮ್ಮನಾಗಿದ್ದೆ. ಡಬ್ಬಿ ಗಟ್ಟಿಯಾಗಿದೆ, ಅದರಲ್ಲಿ ಈಗ ಕಡಲೆಬೇಳೆ ಇದೆ.

“ಇಲ್ಲ ಮಾವ, ಕುಡೀಲಿಲ್ಲ,” ಎಂದೆ.

“ಯಾಕ್ಲಾ?” ಎಂದರು ಮಾವ.